ನಿಯಾನ್ ಮಾಡೋ ಮುಂಚೆ ಗೆರೆ ಕಡಿಮೆ ಮಾಡಿ

ಚಿತ್ರಕಾರ ಎಡ್ವರ್ಡ್ ಮಂಕ್ 1893ರಲ್ಲಿ ಬರೆದ ‘ದ ಸ್ಕ್ರೀಮ್’ ಥರದ ಚಿತ್ರವನ್ನು ಎಲ್‌ಇಡಿ ನಿಯಾನ್‌ನಲ್ಲಿ (ಒಳಗೆ ಎಲ್‌ಇಡಿ ಪಟ್ಟಿ ಇರೋ ಬಗ್ಗುವ ಕೊಳವೆ, ಇದನ್ನೇ ನಿಯಾನ್ ಫ್ಲೆಕ್ಸ್ ಅಂತಾರೆ) ಮಾಡೋ ಆಸೆ ಇದ್ಯಾ? ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ದಪ್ಪ ಮಾರ್ಕರ್‌ನಲ್ಲಿ ತೀರಾ ಬೇಕಾದ್ದನ್ನಷ್ಟೇ ಎಳೆಯಿರಿ: ತೆರೆದ ಬಾಯಿ, ಕೆನ್ನೆಗೆ ಒತ್ತಿದ ಕೈಗಳು, ಆಕಾಶದ ಎರಡು ಮೂರು ಅಲೆಗಳು. ಸೇತುವೆಗೆ ಒಂದು ಓರೆ ಗೆರೆ ಸಾಕು. ಆಕಾಶಕ್ಕೆ ಕಿತ್ತಳೆ, ಮುಖಕ್ಕೆ ವಾರ್ಮ್ ವೈಟ್ ಚೆನ್ನಾಗಿರುತ್ತದೆ. ಮೂರಕ್ಕಿಂತ ಜಾಸ್ತಿ ಬಣ್ಣ ಹಾಕಿದರೆ ಅಂಗಡಿ ಬೋರ್ಡ್ ಥರ ಆಗುತ್ತದೆ, ಅಲ್ವಾ?

ಕಷ್ಟ ಇರೋದು ಬಾಯಿಯ ಸುತ್ತಿನಲ್ಲಿ. ನಿಯಾನ್ ಫ್ಲೆಕ್ಸನ್ನು ತೀರಾ ಬಿಗಿಯಾಗಿ ಬಗ್ಗಿಸಿದರೆ ಒಳಗಿನ ಪಟ್ಟಿ ಮುರಿದು ಅಷ್ಟು ಭಾಗ ಉರಿಯುವುದಿಲ್ಲ. ಮನಸ್ಸು ಬಂದ ಕಡೆ ಕತ್ತರಿಸೋಕೂ ಆಗಲ್ಲ, ಗುರುತು ಇರುವಲ್ಲೇ ಕತ್ತರಿಸಬೇಕು. 12 ವೋಲ್ಟಿನದರಲ್ಲಿ ಈ ಗುರುತು ಹೆಚ್ಚಾಗಿ 2.5 ಸೆಂ.ಮೀ.ಗೆ ಒಂದು ಇರುತ್ತದೆ. ಹಾಗಾಗಿ ಮೊದಲು ಬಾಯಿಯ ಅಳತೆ ಗಟ್ಟಿ ಮಾಡಿಕೊಳ್ಳಿ. ಉಳಿದ ಚಿತ್ರವನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿ.

ಗೆರೆಗಳ ನಡುವಿನ ವೈರನ್ನು ಫ್ಲೆಕ್ಸ್ ಕೂರಿಸೋ ಅಕ್ರಿಲಿಕ್ ಹಲಗೆಗೆ ತೂತು ಕೊರೆದು ಹಿಂದಕ್ಕೆ ಎಳೆಯಿರಿ. ಫ್ಲೆಕ್ಸ್ ಒಟ್ಟು 30 ವ್ಯಾಟ್ ಎಳೆದರೆ 40 ವ್ಯಾಟಿನ ಅಡಾಪ್ಟರ್ ತಗೊಳ್ಳಿ. ಡಿಮ್ಮರ್ ಮಾತ್ರ ಬಿಡಬೇಡಿ, ರಾತ್ರಿ ಪೂರ್ತಿ ಬೆಳಕು ಕಣ್ಣಿಗೆ ಹೊಡೆಯುತ್ತದೆ.