ವೆನಿಸ್‌ಗೆ ಹೋಗಿದ್ದು ಮೆಷಿನ್ ಮಾತ್ರ, ಮಣ್ಣು ಅಲ್ಲಿಯದೇ

ಇಟಲಿಯ ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ, ಆರ್ಕಿಟೆಕ್ಚರ್ ಬಿಯನಾಲೆ. 2025ರಲ್ಲಿ ಅದರ ಹೊತ್ತಿಗೆ ಆ ಊರಿನ ಹಳೇ ಮನೆಯೊಂದರಲ್ಲಿ ನಡೆದ ಪ್ರದರ್ಶನದಲ್ಲಿ ನಮಗೂ ಒಂದು ಜಾಗ ಸಿಕ್ಕಿತ್ತು. ಬೆಂಗಳೂರಿನಲ್ಲಿ ಬೇಸ್‌ಮೆಂಟ್ ಅಗೆದ ಮಣ್ಣನ್ನು ಲಾರಿಗಟ್ಟಲೆ ಕೆರೆ ಅಂಚಿಗೆ ಸುರಿಯುತ್ತೇವಲ್ಲ, ಅದರಲ್ಲೇ ಗೋಡೆ ಕಟ್ಟಬಹುದು ಅಂತ ತೋರಿಸೋದು ನಮ್ಮ ಯೋಚನೆ. ಸಿಮೆಂಟ್ ಒಂದು ಚಮಚವೂ ಇಲ್ಲದೆ. 'ಫೋಮ್ ಮಾಡೆಲ್ ಮಾಡಿ, ಎರಡು ಫೋಟೋ ಹಾಕಿ, ಸುಮ್ನೆ ಬನ್ನಿ' ಅಂದವರೇ ಜಾಸ್ತಿ.

ನಾನು ಕೇಳಲಿಲ್ಲ. 2016ರಲ್ಲಿ ಪ್ರೇಕ್ಷಕನಾಗಿ ಅಲ್ಲಿಗೆ ಹೋಗಿದ್ದೆ. ಆ ವರ್ಷ ಬಿಯನಾಲೆಯ ಕ್ಯುರೇಟರ್ ಆಗಿದ್ದ ಚಿಲಿಯ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ, ಹಿಂದಿನ ವರ್ಷದ ಕಲಾ ಬಿಯನಾಲೆಯಲ್ಲಿ ಉಳಿದಿದ್ದ ಸುಮಾರು 100 ಟನ್ ಕಸದಿಂದ ಮೊದಲ ಕೋಣೆ ಮಾಡಿಸಿದ್ದರು. 10,000 ಚದರ ಮೀಟರ್ ಜಿಪ್ಸಮ್ ಬೋರ್ಡು, 14 ಕಿಲೋಮೀಟರ್ ತಗಡಿನ ಪಟ್ಟಿ. ಅದನ್ನು ನೋಡಿದ ಮೇಲೆ ಫೋಮ್ ಮಾಡೆಲ್ ಹೊತ್ತುಕೊಂಡು ಹೋಗೋಕೆ ಮನಸ್ಸು ಬರುತ್ತಾ?

ಮೊದಲು ಇಲ್ಲೇ ಮಣ್ಣು ಒತ್ತಿ ಮಾಡಿದ ಬ್ಲಾಕ್‌ಗಳನ್ನೇ ಕಳಿಸೋಣ ಅಂದುಕೊಂಡೆವು. ಕಂಟೇನರ್ ಬಾಡಿಗೆ ಕೇಳಿ ಸುಸ್ತಾಯಿತು. ಹೋಗಲಿ, ಇಲ್ಲಿನ ಕೆಂಪು ಮಣ್ಣನ್ನಾದರೂ ನಾಲ್ಕು ಮೂಟೆ ಕಳಿಸೋಣ ಅಂದರೆ ಯುರೋಪಿಗೆ ನಮ್ಮಂಥ ಕಡೆಯಿಂದ ಬರೀ ಮಣ್ಣು ತರೋದೇ ನಿಷೇಧ. ಗಿಡದ ರೋಗ ಬರುತ್ತೆ ಅಂತ. ಆಗಲೇ ಹೊಳೆದಿದ್ದು: ಬ್ಲಾಕ್ ಮಾಡೋ ಕೈ ಒತ್ತಿನ ಮೆಷಿನ್ ಮಾತ್ರ ಕಾರ್ನೆ (ಸುಂಕ ಕಟ್ಟದೆ ಸಾಮಾನು ಒಯ್ದು ವಾಪಸ್ ತರೋಕೆ ಕೊಡುವ ಕಸ್ಟಮ್ಸ್ ಪತ್ರ) ಮೇಲೆ ಕಳಿಸಿ, ಮಣ್ಣು ಅಲ್ಲೇ ಹುಡುಕೋದು. ಅದಕ್ಕೂ ವಿಘ್ನ ಬಂತು. ಮರದ ಪೆಟ್ಟಿಗೆ ಮೇಲೆ ಹೀಟ್ ಟ್ರೀಟ್‌ಮೆಂಟ್ ಮುದ್ರೆ (ಹುಳ ಸಾಯೋ ಹಾಗೆ ಮರ ಕಾಯಿಸಿದ್ದಕ್ಕೆ ಗುರುತು) ಇಲ್ಲ ಅಂತ ಏರ್‌ಪೋರ್ಟ್‌ನಲ್ಲೇ ವಾಪಸ್. ಹೊಸ ಪೆಟ್ಟಿಗೆ, ಒಂಬತ್ತು ದಿನ, 40 ಸಾವಿರದ ಹತ್ತಿರ ಹೋಯಿತು. ನಮ್ಮದೇ ತಪ್ಪು, ಅಲ್ವಾ?

ಫೆಬ್ರವರಿ ಕೊನೆಗೆ ನಾನು, ನಮ್ಮ ಮೇಸ್ತ್ರಿ ವೆನಿಸ್ ಎದುರಿನ ದಡದ ಊರು ಮೆಸ್ತ್ರೆ ಕಡೆ ಇಳಿದೆವು. ಊರಿನ ಹೆಸರು ಕೇಳಿ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಸಮುದ್ರದ ಉಪ್ಪು ಹಿನ್ನೀರಿಗೆ ಹತ್ತಿರದ ಒಂದು ಸೈಟಿನಲ್ಲಿ ಪಾಯ ಅಗೆದ ಮಣ್ಣು ಪುಕ್ಕಟೆ ಸಿಕ್ಕಿತು. 60 ಬ್ಲಾಕ್ ಒತ್ತಿದೆವು. ಮೂರನೇ ದಿನ ಬ್ಲಾಕ್‌ಗಳ ಮೈಮೇಲೆಲ್ಲ ಬಿಳಿ ಪುಡಿ ಎದ್ದಿತು. ಮೇಸ್ತ್ರಿ ಮಣ್ಣು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡು ಉಗಿದರು. 'ಸಾರ್, ಇದು ಉಪ್ಪಿನಕಾಯಿಗೆ ಆಗುತ್ತೆ, ಗೋಡೆಗೆ ಆಗಲ್ಲ.' ಅಷ್ಟೂ ಹೋಯಿತು. ಆಮೇಲೆ ಸಮುದ್ರದಿಂದ 30 ಕಿಲೋಮೀಟರ್ ಒಳನಾಡಿನ ತ್ರೆವೀಜೊ ಕಡೆಯಿಂದ ಮಣ್ಣು ತಂದೆವು. ಅದೂ ಪಾಯದ್ದೇ.

ಇಲ್ಲಿ ನಾವು 7 ಪರ್ಸೆಂಟ್ ಸಿಮೆಂಟ್ ಹಾಕುವ ಕಡೆ ಅಲ್ಲಿ ಸುಣ್ಣ 8ರ ಆಸುಪಾಸು, ಜೊತೆಗೆ ಇಟ್ಟಿಗೆ ಪುಡಿ. ನಮ್ಮ ಸುರ್ಕಿಯನ್ನೇ ಅವರು ಕೊಚ್ಚೊಪೆಸ್ತೊ ಅಂತಾರೆ. ರೋಮನ್ನರ ಕಾಲದಿಂದ ಇದೆ. ನಾನು ಹೋಗಿ ಅವರಿಗೆ ಸುರ್ಕಿ ಪಾಠ ಹೇಳಿದ್ದು ನೆನೆದರೆ ಈಗಲೂ ನಾಚಿಕೆ. ಆದರೆ ಚಳಿಗೆ ಸುಣ್ಣ ಹಿಡಿಯಲೇ ಇಲ್ಲ. ಮೂರು ವಾರ ಆದರೂ ಉಗುರಲ್ಲಿ ಕೆರೆದರೆ ಅಂಚು ಉದುರುತ್ತಿತ್ತು. ಫೋನ್ ಮಾಡಿದವರೆಲ್ಲ 'ನಾವು ಹೇಳಿರಲಿಲ್ವಾ' ಅಂದರು.

ಉಳಿಸಿದ್ದು ಒಬ್ಬ ನರ್ಸರಿಯವರ ಪಾಲಿಹೌಸ್. ಹೂವಿನ ಸಸಿಗಳ ಮಧ್ಯೆ 400 ಬ್ಲಾಕ್ ಜೋಡಿಸಿ, ಒದ್ದೆ ಗೋಣಿ ಹೊದಿಸಿ, ಮೇಲೆ ಪ್ಲಾಸ್ಟಿಕ್. ಒಳಗೆ ನಮ್ಮ ಮಂಡ್ಯದ ಸೆಕೆ. ಐದೇ ವಾರಕ್ಕೆ ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅನ್ನಿಸಿದವು. ಬಾಡಿಗೆ ಬೇಡ ಅಂದರು. ಪ್ರದರ್ಶನ ಮುಗಿದ ಮೇಲೆ ಬ್ಲಾಕ್ ತಮಗೇ ಕೊಡಬೇಕು ಅಂತ ಒಂದೇ ಕರಾರು.

ಕಾಯೋ ಹೊತ್ತಲ್ಲಿ ಕೈ ಸುಮ್ಮನಿರಲಿಲ್ಲ. ಅಲ್ಲಿ ವೆರೋನಾ ಪಕ್ಕ ಭತ್ತ ಬೆಳೀತಾರೆ. ಹೊಟ್ಟು ತರಿಸಿ, ಸುಟ್ಟು, ಬೂದಿಯನ್ನು ಸುಣ್ಣಕ್ಕೆ ಬೆರೆಸಿ ನೋಡಿದೆ. ನಮ್ಮ ಐಐಎಸ್ಸಿಯ ‘ಅಸ್ತ್ರ’ ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ಹಿಂದೆಯೇ ಮಾಡಿದ್ದು. ಬ್ಲಾಕ್ ಚೆನ್ನಾಗಿಯೇ ಬಂತು, ಆದರೆ ಡ್ರಮ್ಮಿನ ಹೊಗೆಗೆ ಅಕ್ಕಪಕ್ಕದವರು ಬಂದು ನಿಂತರು. ಅಲ್ಲಿಗೆ ನಿಲ್ಲಿಸಿದೆ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಕೂಡ ಹಾಕಿ ನೋಡಿದೆವು. ಸೂಟ್‌ಕೇಸಲ್ಲಿ ಒಂದು ಅಚ್ಚು ಬೆಲ್ಲ ಹೋಗಿತ್ತು. ಇರುವೆ ಬಂದವು, ಬೇರೇನೂ ಆಗಲಿಲ್ಲ.

ಸಾಗಿಸೋದು ಇನ್ನೊಂದು ಕಥೆ. ಮೂರು ಟನ್ ಮೇಲಿನ ಭಾರ. ಸರಕಿನ ದೋಣಿ ಎರಡು ಟ್ರಿಪ್, ಆಮೇಲೆ ಮೆಟ್ಟಿಲು ಹತ್ತೋಕೆ ಮುಂದೆ ಪುಟ್ಟ ಚಕ್ರ ಇರುವ ಕೈಗಾಡಿ. ಇಡೀ ಮಣ್ಣಿಗೆ ಕೊಟ್ಟಿದ್ದಕ್ಕಿಂತ ಕೊನೆಯ ಇನ್ನೂರು ಮೀಟರಿಗೆ ಕೊಟ್ಟಿದ್ದು ಜಾಸ್ತಿ. ಮೊದಲ ಮಹಡಿ ಅಷ್ಟು ಭಾರ ತಡೆಯಲ್ಲ ಅಂತ ಅವರ ಎಂಜಿನಿಯರ್ ತಲೆ ಅಲ್ಲಾಡಿಸಿದರು. ನೆಲಮಾಳಿಗೆಯಂಥ ಕೆಳಗಿನ ಹಜಾರ ಕೊಟ್ಟರು. ಪೂರ್ತಿ ತೇವ. ಅಲ್ಲಿನ ಹಳೇ ಮನೆಗಳ ಬುಡದಲ್ಲಿ ನೀರು ಹೀರದ ಇಸ್ಟ್ರಿಯಾ ಕಲ್ಲು ಇರುತ್ತೆ. ನಾವೂ ಹಳೇ ಸಾಮಾನಿನವರಿಂದ ಅದೇ ಕಲ್ಲಿನ ಚಪ್ಪಡಿ ಬಾಡಿಗೆಗೆ ತಂದು ಅದರ ಮೇಲೆ ಕಟ್ಟಿದೆವು. ಎತ್ತರ ನಾಲ್ಕಡಿ, ಉದ್ದ 25 ಅಡಿ ಹತ್ತಿರ, ಬೀಳದಿರಲಿ ಅಂತ ಅಂಕುಡೊಂಕು. ಬ್ಲಾಕ್‌ಗಳ ಸಂದಿಗೆ ತೆಳು ಮಣ್ಣಿನ ಸಾರು. ಬಿಚ್ಚುವಾಗ ಬ್ಲಾಕ್ ಒಡೆಯಬಾರದಲ್ಲ, ಅದಕ್ಕೆ ಆ ಸಾರಿನಲ್ಲಿ ಏನು ಸೇರಿಸಿದೆವು ಅನ್ನೋದು ಮೇಸ್ತ್ರಿ ಸ್ವತ್ತು. ಕೇಳಬೇಡಿ.

ಮೇ 10ರ ಹೊತ್ತಿಗೆ ಗೋಡೆ ರೆಡಿ. ನವೆಂಬರ್‌ವರೆಗೂ ಒಂದು ಬ್ಲಾಕೂ ಅಲುಗಲಿಲ್ಲ. ಜನ ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಜಾಗದ ಬಾಡಿಗೆ ಬಿಟ್ಟು ಒಟ್ಟು 11 ಲಕ್ಷ ಆಗಿರಬೇಕು, ಅದರಲ್ಲಿ ಅರ್ಧ ನಮ್ಮಿಬ್ಬರ ಓಡಾಟ, ಊಟ, ವಸತಿಗೇ. ಬಿಚ್ಚುವಾಗ ಒಡೆದಿದ್ದು ಹದಿನೇಳೋ ಹದಿನೆಂಟೋ. ಉಳಿದವು ನರ್ಸರಿಗೆ ಹೋಗಿ ಗೊಬ್ಬರದ ತೊಟ್ಟಿಯಾಗಿವೆ. ಮೆಷಿನ್ ಡಿಸೆಂಬರ್ ಕೊನೆಗೆ ವಾಪಸ್ ಬಂತು, ಕಾರ್ನೆ ಮೇಲೆ ಸೀಲ್ ಬಿತ್ತು. ಹಿಡಿಕೆ ಸ್ವಲ್ಪ ಬಾಗಿದೆ, ವೆಲ್ಡಿಂಗ್‌ಗೆ ಕೊಟ್ಟಿದ್ದೇನೆ.