ಎಣ್ಣೆ ತೆಗೆಯುವ ಹಣ ಮೊದಲೇ

ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಕಳಚಿದ ಕಣ್ಣಿಗೆ, ಅದನ್ನು ಒತ್ತಿ ಹಿಡಿಯಲು, ಸಿಲಿಕೋನ್ ಎಣ್ಣೆ ತುಂಬುವವರಿಗೆ ಕೊರತೆಯಿಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಹೊರತೆಗೆಯುವುದೇ ರಾಯಚೂರಿನಲ್ಲಿ ತಲೆನೋವು. ಮೂರರಿಂದ ಆರು ತಿಂಗಳೊಳಗೆ ಬನ್ನಿ ಎಂದರೆ ಸಿಂಧನೂರಿನವರು ಭತ್ತದ ಕೊಯ್ಲು ಮುಗಿಯಲಿ ಎನ್ನುತ್ತಾರೆ; ದೇವದುರ್ಗದ ಕಡೆಯವರು ಅಷ್ಟರಲ್ಲಿ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಕಣ್ಣು ಕಾಣುತ್ತಿದೆ, ನೋವಿಲ್ಲ, ಮತ್ತೇಕೆ ಆಪರೇಷನ್ ಎಂಬುದು ಅವರ ಲೆಕ್ಕ.

ಲಿಂಗಸೂಗೂರು ಕಡೆಯ ಹಿರಿಯರೊಬ್ಬರು ಬೇರೆಡೆ ಎಣ್ಣೆ ಹಾಕಿಸಿಕೊಂಡು ಎರಡು ವರ್ಷ ಕಳೆದ ಮೇಲೆ ಬಂದರು. ಮಸೂರವಿಲ್ಲದ ಕಣ್ಣು; ಎಣ್ಣೆ ಮುಂದಕ್ಕೆ ಬಾರದಿರಲೆಂದು ಐರಿಸಿನ ಕೆಳಗಡೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ, ಮಾಡಿದ್ದ ತೂತು (ಇರಿಡೆಕ್ಟಮಿ) ಫೈಬ್ರಿನ್ ಎಂಬ ಅಂಟುನಾರು ಕಟ್ಟಿ ಮುಚ್ಚಿಹೋಗಿತ್ತು. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಿಂದೆ, ಮೇಲುಗಡೆ, ಸಣ್ಣ ಹನಿಗಳಾಗಿ ಒಡೆದ ಎಣ್ಣೆ ಹಾಲಿನ ಕೆನೆಯಂತೆ ನಿಂತಿತ್ತು. ಕಣ್ಣಿನೊಳಗಿನ ಒತ್ತಡ ನಲವತ್ತರ ಮೇಲೆ, ತೀರಾ ಹೆಚ್ಚು. "ಇರಲಿ ಬಿಡಿ ಸಾಹೇಬರೇ, ಎಣ್ಣೆಯಿಂದಲೇ ಇಷ್ಟಾದರೂ ಕಾಣುತ್ತಿದೆ" ಎಂದರು. ಒಪ್ಪಿಸಿ ತೆಗೆದೆ. ಹನಿಗಳು ಕಣ್ಣಿನ ದ್ರವ ಹೊರಹೋಗುವ ಕೋನದೊಳಗೆ ಹೊಕ್ಕಿದ್ದರಿಂದ ಒತ್ತಡ ಇಳಿಯಲಿಲ್ಲ; ಕೊನೆಗೆ ದ್ರವದ ಉತ್ಪತ್ತಿ ತಗ್ಗಿಸುವ ಡಯೋಡ್ ಲೇಸರ್ ಮಾಡಬೇಕಾಯಿತು. ದೃಷ್ಟಿನರ ಆಗಲೇ ಹಾಳಾಗಿ ಬಿಳಿಚಿತ್ತು.

ಇಂಥವರನ್ನು ಕರೆತರಲು ಏನೆಲ್ಲ ಮಾಡಿದೆ! ಕೆಂಪು ಚೀಟಿ ಕೊಟ್ಟೆ, ಕಳೆದುಕೊಂಡರು. ಫೋನ್ ಮಾಡಿಸಿದೆ, ಸಿಮ್ ಬದಲಾಗಿತ್ತು. ಊರೂರು ಸುತ್ತಲು ಹುಡುಗನನ್ನಿಟ್ಟೆ. ಅವನ ಪೆಟ್ರೋಲಿನ ಖರ್ಚೇ ತಿಂಗಳಿಗೆ ಆರೇಳು ಸಾವಿರ. ತಡವಾದರೂ ನಡೆದೀತು ಎಂದು ಕೆಲಕಾಲ ಸಾವಿರದ ಬದಲು ಐದು ಸಾವಿರ ಸೆಂಟಿಸ್ಟೋಕ್ಸ್ (ದ್ರವದ ಗಟ್ಟಿತನದ ಅಳತೆ) ಎಣ್ಣೆಯನ್ನೂ ಹಾಕಿ ನೋಡಿದೆ. ವರ್ಷಗಟ್ಟಲೆ ಬಿಟ್ಟರೆ ಅದೂ ಒಡೆಯುತ್ತದೆ. ಇಪ್ಪತ್ತಮೂರು ಗೇಜಿನ ಸಣ್ಣ ಕೊಳವೆಯಲ್ಲಿ ಅದನ್ನು ಹೊರಗೆಳೆಯುವಾಗ ಪ್ರಾಣ ಹಿಂಡಿತು.

ಕೊನೆಗೆ ಎರಡು ಆಪರೇಷನ್ನಿಗೂ ಒಂದೇ ಬಿಲ್ ಮಾಡಿದೆ. ಮೊದಲು ತುಂಬಲು ಮೂವತ್ತೈದು ಸಾವಿರ, ತೆಗೆಯಲು ಹನ್ನೆರಡು ಎಂದಿತ್ತು. ಒಟ್ಟು ನಲವತ್ತೆರಡು ಎಂದು ಗೊತ್ತುಮಾಡಿ ಆರಂಭದಲ್ಲೇ ಪಡೆಯತೊಡಗಿದೆ. ಎಣ್ಣೆ ತೆಗೆಯುವಾಗಲೇ ಪೊರೆ ತೆಗೆದು ಮಸೂರ ಕೂರಿಸುವುದೂ ಅದರಲ್ಲೇ ಸೇರಿತ್ತು. ಎಣ್ಣೆ ತುಂಬಿದ ಕಣ್ಣಿಗೆ ಪೊರೆ ಬಾರದೆ ಇರುವುದು ಅಪರೂಪ ತಾನೇ. ಜೊತೆಯ ವೈದ್ಯರು ನಕ್ಕರು: "ಜನ ಹೈದರಾಬಾದಿನ ಬಸ್ಸು ಹತ್ತುತ್ತಾರೆ, ನೋಡುತ್ತಿರಿ." ಒಂದಷ್ಟು ಮಂದಿ ಹತ್ತಿದ್ದೂ ಉಂಟು. ಉಳಿದವರು ಮಾತ್ರ ಕೊಟ್ಟ ಹಣ ಬಿಡಲಾಗದೆ ಬಂದರು. ಮೊದಲು ಹತ್ತರಲ್ಲಿ ನಾಲ್ವರು ಬರುತ್ತಿದ್ದ ಕಡೆ ಈಗ ಎಂಟರ ಮೇಲಿದ್ದಾರೆ. ನಕ್ಕವರಲ್ಲಿ ಇಬ್ಬರು ಈಗ ನನ್ನ ಬಿಲ್ಲಿನ ನಕಲನ್ನೇ ಇಟ್ಟುಕೊಂಡಿದ್ದಾರೆ.

ಮೂವತ್ತೈದರ ಮೇಲಿನ ಏಳು ಸಾವಿರಕ್ಕೆ ಇಷ್ಟೆಲ್ಲ ಹೇಗೆ ಗಿಟ್ಟುತ್ತದೆ ಎಂದು ಕೇಳುತ್ತಾರೆ. ಎಣ್ಣೆ ಎಳೆಯುವ ಸಿದ್ಧ ಕಿಟ್ ಕೊಳ್ಳುವುದನ್ನೇ ನಿಲ್ಲಿಸಿದೆ. ಸ್ಟೆರೈಲ್ ಐವಿ ಸೆಟ್ಟಿನ (ಸಲೈನ್ ಹಾಕುವ ನಳಿಕೆ) ತುಂಡನ್ನು ಕ್ಯಾನುಲಾದ (ಕಣ್ಣಿಗೆ ಚುಚ್ಚಿಟ್ಟ ಸಣ್ಣ ಕೊಳವೆ) ತಲೆಗೆ ತೊಡಿಸಿ, ಹತ್ತು ಎಂಎಲ್ ಸಿರಿಂಜಿನಿಂದ ಎಳೆಯುತ್ತೇನೆ; ಸಾವಿರ ಸೆಂಟಿಸ್ಟೋಕ್ಸ್ ಎಣ್ಣೆ ಐದಾರು ನಿಮಿಷದಲ್ಲಿ ಬರುತ್ತದೆ. ತುಂಡನ್ನು ಎಲ್ಲಿ, ಯಾವ ಓರೆಯಲ್ಲಿ ಕತ್ತರಿಸಿದರೆ ಗಾಳಿ ಸೋರುವುದಿಲ್ಲ ಎಂಬುದನ್ನು ನನ್ನ ಥಿಯೇಟರಿಗೆ ಬಂದವರಿಗಷ್ಟೇ ತೋರಿಸುತ್ತೇನೆ. ಆಮೇಲೆ ಉಳಿದ ಹನಿಗಳನ್ನು ತೆಗೆಯಲು ದ್ರವ-ಗಾಳಿ ಬದಲಾವಣೆಯನ್ನು (ಕಣ್ಣಿನ ದ್ರವ ಹೊರಗೆಳೆದು ಗಾಳಿ ತುಂಬುವುದು) ಕನಿಷ್ಠ ಮೂರು ಸಲ ಮಾಡದೆ ಮೇಜಿನಿಂದ ಇಳಿಸುವುದಿಲ್ಲ.

ಕೂರಿಸುವ ಮಸೂರದ ಶಕ್ತಿ ಲೆಕ್ಕಹಾಕಲು ಕಣ್ಣಿನ ಉದ್ದ ಅಳೆಯುವಾಗಲೂ ಪೆಟ್ಟು ತಿನ್ನುವವರಿದ್ದಾರೆ. ಎಣ್ಣೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 980 ಮೀಟರ್ ವೇಗದಲ್ಲಷ್ಟೇ ಸಾಗುತ್ತದೆ. ಶಬ್ದದಿಂದ ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನಿನಲ್ಲಿ ವೇಗ ಬದಲಿಸದಿದ್ದರೆ ಕಣ್ಣು ಇರುವುದಕ್ಕಿಂತ ಉದ್ದವೆಂದು ತೋರಿ, ರೋಗಿಗೆ ಪ್ಲಸ್ ಕನ್ನಡಕ ಗಂಟುಬೀಳುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೀಟರ್ ಇಲ್ಲದ ಕಾಲದಲ್ಲಿ ಇನ್ನೊಂದು ಕಣ್ಣಿನ ಅಳತೆಯನ್ನು ಪಕ್ಕದಲ್ಲಿಟ್ಟುಕೊಂಡೇ ಲೆಕ್ಕ ಹಾಕುತ್ತಿದ್ದೆ.

ರೆಟಿನಾದ ಸುತ್ತಲೂ ಲೇಸರ್ ಹಾಕಿದ್ದರೂ ಎಣ್ಣೆ ತೆಗೆದ ಮೇಲೆ ಹತ್ತರಲ್ಲೊಂದು ಕಣ್ಣಿನಲ್ಲಿ ಅದು ಮತ್ತೆ ಕಳಚುತ್ತದೆ. ಅವರ ಮರು ಆಪರೇಷನ್ನಿಗೆ ಅರ್ಧ ದರ; ನನಗೆ ನಷ್ಟವಾಗುವುದು ಅಲ್ಲೇ. ಇರುವುದು ಒಂದೇ ಕಣ್ಣು, ಒತ್ತಡವೂ ಐದರ ಕೆಳಗೆ ಎಂದಾದರೆ ಎಣ್ಣೆಯನ್ನು ಮುಟ್ಟುವುದಿಲ್ಲ; ತೆಗೆದರೆ ಕಣ್ಣು ಕುಗ್ಗಿಹೋದೀತು. ಅಂಥವರಿಗೆ ಆ ಏಳು ಸಾವಿರವನ್ನು ಹಿಂದಿರುಗಿಸುತ್ತೇನೆ, ತಪಾಸಣೆಗೆ ಬಂದಾಗಲೆಲ್ಲ ಸಾವಿರದಂತೆ.