ಸೆನ್ಸರ್ ಮನೆಯಲ್ಲೇ ಬದಲಿಸಿ, ಏರ್‌ಬ್ಯಾಗ್ ಬಿಚ್ಚಬೇಡಿ

ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಬಹಳಷ್ಟು ಸಲ ಮನೆ ಮುಂದೆಯೇ ಸರಿಮಾಡಿಕೊಳ್ಳಬಹುದು. ಎದೆಯ ಮುಂದೆ ಚೆಂಡು ಇರುವ ಮನುಷ್ಯನ ಚಿತ್ರದ ದೀಪ ಆರದೇ ಉಳಿದರೆ ಅದು ಏರ್‌ಬ್ಯಾಗಿನದು. ಅದನ್ನು ವರ್ಕ್‌ಶಾಪಿಗೇ ಬಿಡಬೇಕು.

ಮೊದಲು ಕೋಡ್ ಓದಿ

ಚಾಲಕನ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ ಕಾರಿನ ಕಂಪ್ಯೂಟರ್ ಹೇಳುವುದನ್ನು ಓದಲು 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಕೀ ಆನ್ ಮಾಡಿ, ಮೊಬೈಲ್ ಆ್ಯಪಿನಲ್ಲಿ ಬಂದ ಫಾಲ್ಟ್ ಕೋಡ್ ಬರೆದಿಟ್ಟುಕೊಳ್ಳಿ. ಪಿ0335 ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರಿನದು, ಪಿ0118 ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರಿನದು.

ಕೋಡ್ ಬಂದ ತಕ್ಷಣ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಓಡಬೇಡಿ. ಆ ಸರ್ಕಿಟ್ಟಿನಲ್ಲಿ ತೊಂದರೆ ಇದೆ ಎಂದಷ್ಟೇ ಕೋಡ್ ಹೇಳುತ್ತದೆ. ವೈರ್ ತುಂಡಾಗಿದ್ದರೂ, ವೈರನ್ನು ಸೆನ್ಸರಿಗೆ ಜೋಡಿಸುವ ಕಪ್ಲರ್ ಸಡಿಲವಾಗಿದ್ದರೂ ಪಿ0118 ಬರುತ್ತದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಸೇರಿಕೊಳ್ಳುವ ಇಲಿಗಳು ಮೊದಲು ಬಾಯಿ ಹಾಕುವುದೇ ವೈರಿಗೆ. ಕಪ್ಲರಿನ ಲಾಕ್ ಒತ್ತಿ ಎಳೆಯಿರಿ. ವೈರ್ ಹಿಡಿದು ಜಗ್ಗಬೇಡಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಮತ್ತೆ ಕೂರಿಸಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಕೂಲಂಟ್ ಸೆನ್ಸರನ್ನು ಮಲ್ಟಿಮೀಟರಿನಿಂದಲೇ ಪರೀಕ್ಷಿಸಬಹುದು. ಹೆಚ್ಚಿನ ಕಾರುಗಳಲ್ಲಿ ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 200ರಿಂದ 400 ಓಮ್ ತೋರಿಸುತ್ತದೆ. ಬಿಚ್ಚಿದ ಸೆನ್ಸರಿನ ತುದಿಯನ್ನು ಬಿಸಿನೀರಿನ ಲೋಟದಲ್ಲಿ ಅದ್ದಿದಾಗ ಓಮ್ ಇಳಿಯುತ್ತಾ ಹೋಗಬೇಕು. ಇಳಿಯದೆ ಒಂದೇ ಕಡೆ ನಿಂತರೆ ಸೆನ್ಸರ್ ಸತ್ತಿದೆ.

ಬದಲಿಸುವುದು

ಪಾರ್ಟ್ ತರುವಾಗ ಚಾಸಿ ನಂಬರ್ ತೋರಿಸಿ. ಅದೇ ಮಾಡೆಲ್ಲಿನಲ್ಲೂ ವರ್ಷಕ್ಕೊಂದು ಪಾರ್ಟ್ ನಂಬರ್ ಇರುವುದುಂಟು. ಎಂಜಿನ್ ತಣ್ಣಗಾಗಲಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ. ಕಾರಿನ ಅಡಿಗೆ ಹೋಗಬೇಕಿದ್ದರೆ ಜಾಕ್ ಒಂದನ್ನೇ ನಂಬಬೇಡಿ, ಜಾಕ್ ಸ್ಟ್ಯಾಂಡ್ ಕೊಡಿ.

ಕ್ರ್ಯಾಂಕ್ ಸೆನ್ಸರ್ ಸಾಮಾನ್ಯವಾಗಿ ಒಂದೇ ಬೋಲ್ಟಿನಲ್ಲಿ ನಿಂತಿರುತ್ತದೆ. ಎಂಜಿನ್ ಕಾದಾಗ ಆಫ್ ಆಗಿ, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಇದರ ಮೇಲೆ ಅನುಮಾನ ಪಡಿ. ಹಲವು ಕಾರುಗಳಲ್ಲಿ ಇದರೊಳಗೆ ಮ್ಯಾಗ್ನೆಟ್ ಇರುವುದರಿಂದ ತುದಿಗೆ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ಕೂರುವ ಜಾಗ ಒರೆಸಿ, ಹೊಸ ಒ-ರಿಂಗಿಗೆ (ರಬ್ಬರ್ ಬಳೆಗೆ) ಒಂದು ಹನಿ ಎಂಜಿನ್ ಆಯಿಲ್ ಸವರಿ, ಕೈಯಿಂದಲೇ ಒತ್ತಿ ಪೂರ್ತಿ ಕೂರಿಸಿ. ಬೋಲ್ಟ್ ಬಿಗಿದು ಒಳಗೆಳೆದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ.

ಎಕ್ಸಾಸ್ಟ್ ಪೈಪಿನಲ್ಲಿ ಕೂತು ಹೊಗೆಯ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ತುಸು ಹಟಮಾರಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಇದೊಂದನ್ನು ಮಾತ್ರ ಎಂಜಿನ್ ಸ್ವಲ್ಪ ಓಡಿಸಿ, ಉಗುರುಬೆಚ್ಚಗಿರುವಾಗ ಬಿಚ್ಚಿ. ಹೆಚ್ಚಿನವಕ್ಕೆ ಪಕ್ಕ ಸೀಳಿರುವ 22 ಎಂ.ಎಂ. ಸಾಕೆಟ್ ಬೇಕು. ಹೊಸದನ್ನು ಬೆರಳಿನಿಂದಲೇ ಮೂರ್ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ತಿರುಪಿನ ಮರೆ (ಥ್ರೆಡ್) ಅಡ್ಡ ಕಚ್ಚಿಕೊಂಡರೆ ಖರ್ಚು ಎಕ್ಸಾಸ್ಟ್ ಪೈಪಿಗೇ ಬೀಳುತ್ತದೆ. ಬಿಗಿ ಸುಮಾರು 40 ನ್ಯೂಟನ್ ಮೀಟರ್. ಬಿಸಿ ತಡೆಯುವ ಆ್ಯಂಟಿ-ಸೀಜ್ ಗ್ರೀಸ್ ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಲೇಬಾರದು. ಸಿಲಿಕಾನ್ ಸ್ಪ್ರೇ, ಸೀಲೆಂಟ್ ಹತ್ತಿರವೂ ಬೇಡ. ವೈರ್ ಕತ್ತರಿಸಿ ಬೆಸುಗೆ ಹಾಕಬೇಡಿ: ಹೆಚ್ಚಿನ ಆಕ್ಸಿಜನ್ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ.

ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ, ಕಾರು ಓಡಿಸಿ, ಮತ್ತೊಮ್ಮೆ ಓದಿ. ಐಡ್ಲಿಂಗ್ ಸ್ವಲ್ಪ ಹೊತ್ತು ಏರುಪೇರಾದರೆ ಗಾಬರಿ ಬೇಡ.

ಏರ್‌ಬ್ಯಾಗ್ ಏಕೆ ಬೇಡ

ಸ್ಟೀರಿಂಗ್ ನಡುವೆ ಇರುವುದು ಸಿಡಿಮದ್ದು. ಹೊತ್ತಿದರೆ ಕಣ್ಣು ಮಿಟುಕಿಸುವುದರೊಳಗೆ, ಸುಮಾರು 30 ಮಿಲಿಸೆಕೆಂಡಿನಲ್ಲಿ ಬ್ಯಾಗ್ ಉಬ್ಬುತ್ತದೆ. ಮಲ್ಟಿಮೀಟರಿನಲ್ಲಿ ಅದರ ಓಮ್ ನೋಡಲು ಹೋಗಬೇಡಿ. ಮೀಟರ್ ಹರಿಸುವ ಕರೆಂಟಿನಿಂದಲೇ ಅದು ಸಿಡಿಯಬಹುದು. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗ್ ನಿಯಂತ್ರಿಸುವ ಮಾಡ್ಯೂಲಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ ಕಿತ್ತುಹೋದರೂ ಬ್ಯಾಗ್ ಬಿಚ್ಚಿಕೊಳ್ಳಲಿ ಎಂದೇ ಮಾಡಿರುವ ಏರ್ಪಾಡು ಅದು.

ಹಾಗಾಗಿ ಸ್ಟೀರಿಯೊ ಬದಲಿಸಲು ಅಥವಾ ಸೀಟ್ ತೆಗೆಯಲು ಹೊರಟವರೂ ಕೀ ಆಫ್ ಮಾಡಿ, ಮೈನಸ್ ಟರ್ಮಿನಲ್ ಕಳಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಕಾರಿಗೆ ತಕ್ಕಂತೆ ಅದು ಒಂದರಿಂದ ಮೂರು ನಿಮಿಷ ಎಂದಿರುತ್ತದೆ; 10 ನಿಮಿಷ ಕಾದರೆ ನಷ್ಟವೇನಿಲ್ಲ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಎಳೆಯುವ ಮದ್ದಿನ ಸಾಲಿನದು. ಅದನ್ನು ಕಳಚಿದ್ದಾಗ ಕೀ ಆನ್ ಮಾಡಿದರೆ ಫಾಲ್ಟ್ ಕೋಡ್ ಮಾಡ್ಯೂಲಿನಲ್ಲಿ ಕೂತುಬಿಡುತ್ತದೆ. ಮಾಡ್ಯೂಲ್ ಸಾಮಾನ್ಯವಾಗಿ ಗೇರ್ ಲಿವರ್ ಆಸುಪಾಸಿನಲ್ಲೇ ಇರುತ್ತದೆ, ಅಲ್ಲಿ ಡ್ರಿಲ್ ಮಾಡಬೇಡಿ, ಕೀ ಆನ್ ಇರುವಾಗ ಸುತ್ತಿಗೆಯಿಂದ ಬಡಿಯಬೇಡಿ.

ಒಮ್ಮೆ ಬಿಚ್ಚಿಕೊಂಡ ಬ್ಯಾಗನ್ನು ಮಡಚಿ ತುರುಕಲು ಆಗದು. ಬ್ಯಾಗಿನ ಜೊತೆಗೆ ಸಿಡಿದ ಸೀಟ್‌ಬೆಲ್ಟ್ ಟೆನ್ಷನರ್ ಹೊಸದಾಗಬೇಕು, ಕಂಪನಿ ಹೇಳಿದ್ದರೆ ಮಾಡ್ಯೂಲ್, ಕ್ರ್ಯಾಶ್ ಸೆನ್ಸರುಗಳೂ ಸಹ. ದುಬಾರಿ ಎಂದು ಗುಜರಿಯಿಂದ ತಂದ ಬ್ಯಾಗ್ ಹಾಕಿಸುವವರಿದ್ದಾರೆ. ಬ್ಯಾಗೇ ಇಲ್ಲದೆ ಎರಡು–ಮೂರು ಓಮಿನ ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸಿ ಮಾರುವವರೂ ಇದ್ದಾರೆ. ಇದು ಕೊಲ್ಲುವ ಮೋಸ.

ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಕೀ ಆನ್ ಮಾಡಿ ಮೀಟರ್ ಬೋರ್ಡಿನ ಮೇಲೇ ಕಣ್ಣಿಡಿ. ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಹತ್ತಲೇ ಇಲ್ಲವೆಂದರೆ ಅಥವಾ ಎಂಜಿನ್ ದೀಪದ ಜೊತೆಜೊತೆಗೇ ಆರಿದರೆ ಯಾರೋ ದೀಪಕ್ಕೆ ಕೈಹಾಕಿರುವ ಸಾಧ್ಯತೆ ಇದೆ. ಹಾಗಿರಲಿ ಬಿಡಲಿ, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದಲ್ಲಿ ಅಂಟು ಹಾಕಿದ ಗುರುತು ಹುಡುಕಿ, ವರ್ಕ್‌ಶಾಪಿನಲ್ಲಿ ಏರ್‌ಬ್ಯಾಗ್ ಮಾಡ್ಯೂಲ್ ಸ್ಕ್ಯಾನ್ ಮಾಡಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ.